ರಸ್ತೆ ಕಾಣದ ಶೂಗಳ ದಿಗ್ವಿಜಯ

ಬೆಣ್ಣೆದೋಸೆಯ ಹೊಗೆ ಮುಗಿಲು ಮುಟ್ಟುವ ದಾವಣಗೆರೆಯೆಂಬ ಮಹಾಪಟ್ಟಣದಲ್ಲಿ, ಗೃಹಸ್ಥರೆಲ್ಲ ರಕ್ತದ ಸಕ್ಕರೆಗೆ ಹೆದರಿ ಕೋಳಿ ಕೂಗುವ ಮೊದಲೇ ವಾಕಿಂಗಿಗೆ ಹೊರಡುವ ಈ ಘೋರ ಕಲಿಯುಗದಲ್ಲಿ, ಪೀಠೋಪವಿಷ್ಟಪರಾಕ್ರಮನೂ ಸ್ಟಾಫ್‌ರೂಮ್‌ಕೇಸರಿಯೂ ಮಧುಮೇಹಸೀಮಾಂತಸಂಚಾರಿಯೂ ಆದ ಪಾಲಾಕ್ಷಪ್ಪನೆಂಬ ವೀರನಿದ್ದನು. ಪಿಯು ಕಾಲೇಜಿನಲ್ಲಿ ಇತಿಹಾಸ ಬೋಧಿಸುತ್ತ, ಕುಳಿತ ಕುರ್ಚಿಯಿಂದೇಳದೆ ಸಾಮ್ರಾಜ್ಯಗಳನ್ನು ಕಟ್ಟಿ ಕೆಡವಬಲ್ಲ ಆ ಮಹಾಶೂರನ ಕೀರ್ತಿಯನ್ನು ಹಾಡಲು ಊರಿನ ಯಾವ ಕವಿಯೂ ಮುಂದೆ ಬಾರದ್ದರಿಂದ ಆ ಕೆಲಸವನ್ನೂ ಅವನೇ ಮಾಡಬೇಕಾಯಿತು. ಹೌದು, ಆ ಪಾಲಾಕ್ಷಪ್ಪ ನಾನೇ. ಆದರೆ ವೀರಗಾಥೆಯಲ್ಲಿ ‘ನಾನು’ ಎಂದರೆ ಗಾಂಭೀರ್ಯ ಕೆಡುತ್ತದೆ. ಇನ್ನು ಮುಂದೆ ‘ಅವನು’ ಎಂದೇ ಹೇಳುತ್ತೇನೆ.

ಎಲೈ ಹಿಮ್ಮಡಿಗಳಿರಾ, ಎಲೈ ಹೆಬ್ಬೆರಳುಗಳಿರಾ, ಈ ದೇಹವೆಂಬ ಮೂಟೆಯನ್ನು ಅರ್ಧ ಶತಮಾನ ಹೊತ್ತೂ ಗೊಣಗದ ಶ್ರಮಜೀವಿಗಳಿರಾ! ನಾಲಿಗೆ ಮಾಡಿದ ಪ್ರತಿಜ್ಞೆಗೆ ಶಿಕ್ಷೆ ಉಂಡವರು ನೀವು. ಈ ಕಥೆಗೆ ನೀವೇ ಸಾಕ್ಷಿ ನಿಲ್ಲಿರಿ.

ಹಿಂದಿನ ವರ್ಷದ ನಗರ ಮ್ಯಾರಥಾನಿನಲ್ಲಿ ಅವನು ಅರ್ಧ ದಾರಿಗೇ ಉಸಿರು ಸಿಕ್ಕಿಕೊಂಡು, ಬಾಳೆಹಣ್ಣು ಹಂಚುವ ವ್ಯಾನಿನಲ್ಲಿ ಗೊನೆಗಳ ನಡುವೆ ಕುಳಿತು ಮರಳಿದ್ದನು. ಓಟ ಹತ್ತೇ ಕಿಲೋಮೀಟರಿನದು. ನಮ್ಮೂರಿನಲ್ಲಿ ಬೆಳಗ್ಗೆ ಎದ್ದು ಟೀ ಶರ್ಟ್ ತೊಟ್ಟು ಓಡಿದ್ದಕ್ಕೆಲ್ಲ ಮ್ಯಾರಥಾನ್ ಎಂದೇ ಹೆಸರು. ರಸ್ತೆಯಂಚಿನಲ್ಲಿದ್ದ ಅವನ ವಿದ್ಯಾರ್ಥಿಗಳು ಆ ಪುಷ್ಪಕವಿಮಾನಕ್ಕೆ ಚಪ್ಪಾಳೆ ತಟ್ಟಿದ್ದರು. ಅಂದಿನಿಂದ ತರಗತಿಯಲ್ಲಿ ಯಾವ ಅರಸ ರಣರಂಗದಿಂದ ಓಡಿಹೋದ ಪಾಠ ಬಂದರೂ ಹಿಂದಿನ ಬೆಂಚಿನಿಂದ ವ್ಯಾನಿನ ಹಾರನ್ ಕೇಳಿಸುತ್ತಿತ್ತು. ಅವನು ನಕ್ಕು ಪಾಠ ಮುಂದುವರಿಸುತ್ತಿದ್ದ, ಆದರೆ ಒಳಗೊಳಗೇ ನಾಚಿಕೆಯಿಂದ ಬೇಯುತ್ತಿದ್ದ. ಈ ವರ್ಷ ಗುರಿಯನ್ನು ಸ್ವಂತ ಕಾಲಿನ ಮೇಲೆ ಮುಟ್ಟದಿದ್ದರೆ ಆ ಮಕ್ಕಳ ಮುಂದೆ ಬಾಯಿ ತೆರೆಯುವುದು ಹೇಗೆಂಬುದೊಂದೇ ಅವನ ಚಿಂತೆ. ಮುಟ್ಟಿಯೇ ತೀರುವೆನೆಂದು ನಾಲಿಗೆ ಪ್ರತಿಜ್ಞೆಯನ್ನೂ ಮಾಡಿಬಿಟ್ಟಿತು.

ಅದಕ್ಕಾಗಿಯೇ ಬಂದವು ಬೆಳ್ಳಕ್ಕಿಯಂಥ ಹೊಸ ಶೂಗಳು. ಕಾಲೇಜಿನ ಪಿ.ಟಿ. ಮೇಷ್ಟ್ರು ಪಂಪಣ್ಣ ಅವನ್ನು ಬಗ್ಗಿಸಿ, ಹಿಸುಕಿ ನೋಡಿ, ಹೀಗೆಂದರು:

“ಸರ್, ಹೊಸ ಶೂ ಮೆಟ್ಗೊಂಡು ಸೀದಾ ರೇಸಿಗೆ ಇಳಿದ್ರೆ ಕಾಲೆಲ್ಲ ಗುಳ್ಳೆ ಏಳ್ತವೆ. ಮೊದ್ಲು ದಿನಾ ಸಂಜೆ ಮನೆ ಒಳಗೇ ಹಾಕ್ಕೊಂಡು ತಿರುಗಾಡಿ. ಆಮೇಲೆ ರಸ್ತೆಗಿಳಿಸಿ, ಸ್ವಲ್ಪ ಸ್ವಲ್ಪ ಓಡಿ.”

‘ಮನೆ ಒಳಗೇ!’ ಎಷ್ಟು ಸಲೀಸಾಗಿ ನುಡಿದುಬಿಟ್ಟರು ಪಂಪಣ್ಣ! ಹೊಸ್ತಿಲರಕ್ಷಣಧುರಂಧರೆಯೂ ಭಸ್ಮತ್ರಿಪುಂಡ್ರಶೋಭಿತೆಯೂ ಪೊರಕೆಪಾಣಿಯೂ ಆದ ಮಾತೆ ಹಾಲಮ್ಮನವರು ಆಳುವ ಕೋಟೆಯದು. ಅಲ್ಲಿ ಚಪ್ಪಲಿಯೆಂಬುದು ಹೊಸ್ತಿಲಾಚೆ ಹುಟ್ಟಿ ಹೊಸ್ತಿಲಾಚೆಯೇ ಸಾಯತಕ್ಕ ಪ್ರಾಣಿ. ಸಂಜೆ ವೀರನು ಶೂಗಳನ್ನು ಬಿಗಿದು, ಲಾಡಿಗೆ ಇಮ್ಮಡಿ ಗಂಟು ಹಾಕಿ, ಮಲಗುವ ಕೋಣೆಯಿಂದ ಪಡಸಾಲೆಗೆ ಕಾಲಿಟ್ಟಾಗ ಆಕೆ ದೇವರ ಜಗಲಿಗೆ ಹೂವೇರಿಸುತ್ತಿದ್ದರು.

“ಏನಲೇ ಅದು ಕಾಲಾಗೆ?”

ಆಗ ವೀರನು ಎದೆಯುಬ್ಬಿಸಿ, ಹೊಟ್ಟೆ ಅದಕ್ಕಿಂತ ಮುಂದೆ ಹೋದದ್ದನ್ನು ಲೆಕ್ಕಿಸದೆ, ಗರ್ಜಿಸಿದನು: “ತಾಯೇ, ಬೆದರದಿರು! ಇವು ಪಾದರಕ್ಷೆಗಳಲ್ಲ, ಕೀರ್ತಿರಥದ ಚಕ್ರಗಳು! ನನ್ನ ಅಪಕೀರ್ತಿಯ ಕೆಸರನ್ನು ತೊಳೆಯಲೆಂದೇ ಅವತರಿಸಿದ ಶುಭ್ರಮೇಘಗಳು! ಭೂಸ್ಪರ್ಶವನ್ನೇ ಅರಿಯದ ಈ ಪಾದುಕೆಗಳನ್ನು ಧರಿಸಿ ಪಡಸಾಲೆಯನ್ನು ಪ್ರದಕ್ಷಿಣೆಗೈಯುವೆನು! ತಡೆವವರಾರು?”

“ನಾನು,” ಎಂದರು ಹಾಲಮ್ಮ. “ದೇವ್ರ ಮುಂದೆ ಮೆಟ್ಟು ಹಾಕ್ಕೊಂಡು ತಿರುಗ್ತಿಯೇನಲೇ? ನಿಮ್ಮಪ್ಪ ಸಾಯೋ ತನಕ ಹೊಸ್ತಿಲ ಒಳಗೆ ಚಪ್ಲಿ ತರ್ಲಿಲ್ಲ. ಬಿಚ್ಚು ಮೊದ್ಲು.”

ವೀರನ ಭಾಷೆ ಒಮ್ಮೆಲೇ ನೆಲಕ್ಕಿಳಿಯಿತು. “ಅವ್ವಾ, ಹೊಸದು. ಇನ್ನೂ ಬೀದಿ ಮುಟ್ಟಿಲ್ಲ. ಊಟದ ತಟ್ಟೆಯಷ್ಟು ಚೊಕ್ಕ ಐತಿ.”

“ಹಂಗಾದ್ರೆ ಅದ್ರಾಗೇ ಉಣ್ಣು.”

ಆ ವಾಗ್ಬಾಣ ನಾಟಿದ ವೀರನು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ನಿಂತೇ ಇದ್ದ. ಕೊನೆಗೆ ಒಗ್ಗರಣೆಯ ಸೌಟು ಹಿಡಿದೇ ಸಂಧಾನಕ್ಕೆ ಬಂದವಳು ಪತ್ನಿ ಶೈಲಜೆ.

“ಅತ್ತೀ, ಬೀದಿ ಮುಟ್ಟೋ ತನಕ ಒಳಗೆ ಹಾಕ್ಕೊಳ್ಲಿ ಬಿಡ್ರಿ. ಒಂದ್ಸಲ ಬೀದಿಗಿಳಿದ್ರೆ ಆಮೇಲೆ ಹೊರಗೇ ಇರ್ಲಿ. ರೀ, ನಿಮಗೂ ಒಪ್ಪಿಗೆನಾ?”

ಇಬ್ಬರೂ ಒಪ್ಪಿದರು. ಮಾತೆಯವರು ಮಾತ್ರ ದಿನವೂ ಶೂಗಳನ್ನು ಬೋರಲು ಹಾಕಿಸಿ, ಬಿಳಿಯಾಗಿದೆಯೇ ಇಲ್ಲವೇ ಎಂದು ಅಟ್ಟೆ ನೋಡಿದ ಮೇಲೆಯೇ ಅಪ್ಪಣೆ ಕೊಡತೊಡಗಿದರು.

ಆಮೇಲೆ ಜರುಗಿತು ನೋಡಿ ದಿಗ್ವಿಜಯ! ಪೂರ್ವದಲ್ಲಿ ಫ್ರಿಜ್ಜನ್ನೂ ಪಶ್ಚಿಮದಲ್ಲಿ ಹೊಲಿಗೆ ಯಂತ್ರವನ್ನೂ ಸೀಮೆಯಾಗಿಟ್ಟುಕೊಂಡು, ಊಟದ ಮೇಜೆಂಬ ಮೇರುವನ್ನು ಬಳಸಿ, ಗ್ಯಾಸ್ ಸಿಲಿಂಡರನ್ನು ಎಡವಿಯೂ ಎಡವದಂತೆ, ವೀರನು ಸಂಜೆಸಂಜೆಯೂ ಸಂಚರಿಸಿದನು. “ಹೆಂಗೂ ತಿರುಗ್ತಿದೀಯ, ಅಟ್ಟದ ಮೇಲಿನ ಹುಣಸೆಹಣ್ಣಿನ ಡಬ್ಬಿ ಇಳಿಸು,” ಎನ್ನುವರು ಮಾತೆ. ಇಳಿಸುವನು. “ಹೆಂಗೂ ಶೂ ಹಾಕಿದೀರಿ, ಈ ಅಕ್ಕಿ ಮೂಟೆ ಆ ಕಡೆ ಸರಿಸ್ರಿ,” ಎನ್ನುವಳು ಶೈಲಜೆ. ಸರಿಸುವನು. ನುಣುಪಾದ ಮೊಸಾಯಿಕ್ ನೆಲದ ಮೇಲೆ ಶೂಗಳು ಹತ್ತಿಯಂತೆ ಹಗುರವಾಗಿದ್ದವು. ಹೆಮ್ಮೆ ಉಕ್ಕಿದ ವೀರನು ಪದಕ ನೇತುಹಾಕಲು ಗೋಡೆಗೆ ಮೊಳೆಯನ್ನೂ ಹೊಡೆದನು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಶೈಲಜೆ ನಕ್ಕಳು.

“ರಸ್ತೆಗಿಳಿಸಿದ್ರಾ ಸರ್?” ಎಂದು ಪಂಪಣ್ಣ ಕೇಳುತ್ತಲೇ ಇದ್ದರು. ಇಳಿಸುವುದು ಹೇಗೆ? ಇಳಿಸಿದರೆ ಅರಮನೆಯ ಬಾಗಿಲು ಮುಚ್ಚಿತು. ಇಳಿಸಿದ ಮೇಲೆ ಒಳಗೆ ತರುವ ಅಗತ್ಯವೇ ಇಲ್ಲವೆಂಬುದು ಯಾವ ಮಗುವಿಗಾದರೂ ಹೊಳೆಯುತ್ತಿತ್ತು; ಇತಿಹಾಸದ ಉಪನ್ಯಾಸಕನಿಗೆ ಹೊಳೆಯಲಿಲ್ಲ. ಅಷ್ಟು ಕಷ್ಟಪಟ್ಟು ಗೆದ್ದ ಹಕ್ಕನ್ನು ಬಿಟ್ಟುಕೊಡಲು ಅವನಿಗೆ ಮನಸ್ಸೇ ಬರಲಿಲ್ಲ.

ಬಂತು ಓಟದ ಆ ಭಾನುವಾರ. ಅರುಣೋದಯದಲ್ಲಿ ಪೀಪಿ ಕೂಗಿತು. ಸಾವಿರ ಕಾಲುಗಳು ಧೂಳೆಬ್ಬಿಸಿದವು. ಮೊದಲ ಬಾರಿ ಡಾಂಬರು ಕಂಡ ಶೂಗಳು ಮೊದಲು ಬೆರಗಾದವು, ಆಮೇಲೆ ಮುನಿದವು. ಕಾಲು ಬೆವರಿ ಊದಿಕೊಂಡಿತು, ಹೆಬ್ಬೆರಳು ಮುಂದಕ್ಕೆ ಗುದ್ದಿತು, ಎಡಹಿಮ್ಮಡಿ ಉರಿಯತೊಡಗಿತು. ಓಟ ನಡಿಗೆಯಾಯಿತು, ನಡಿಗೆ ಕುಂಟಾಯಿತು. ಎಲ್ಲರೂ ಮುಂದೆ ಹೋದ ಮೇಲೆ, ಹಿಂದಿನಿಂದ ಬಾಳೆಹಣ್ಣಿನ ವ್ಯಾನು ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತಿತು.

“ಹತ್ರಿ ಸರ್,” ಎಂದ ಚಾಲಕ, ಅಕ್ಕರೆಯಿಂದಲೇ. “ಹೋದ್ಸಲದ ಜಾಗ ಹಂಗೇ ಖಾಲಿ ಐತಿ.”

ಹತ್ತಬೇಕೆಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ಒಂದು ಕೈ ಬಾಗಿಲಿನ ಮೇಲೂ ಹೋಗಿತ್ತು. ಅಷ್ಟರಲ್ಲಿ ಸರ್ಕಲ್ಲಿನ ಬಳಿ ನಿಂತಿದ್ದ ಅವನ ವಿದ್ಯಾರ್ಥಿಗಳು ಕಂಡರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಹುಡುಗಿ ಮಾತ್ರ ಕೂಗಿದಳು: “ಸರ್, ಬ್ಯಾಡ್ರೀ! ಹತ್ತಬ್ಯಾಡ್ರೀ!”

ವೀರನು ರಸ್ತೆಯಂಚಿನಲ್ಲಿ ಕುಳಿತನು. ಶೂ ಬಿಚ್ಚಿದನು, ಸಾಕ್ಸ್ ಬಿಚ್ಚಿದನು. ಲಾಡಿಗಳನ್ನು ಗಂಟು ಹಾಕಿ ಶೂಗಳನ್ನು ಮಾಲೆಯಂತೆ ಕೊರಳಿಗೆ ಹಾಕಿಕೊಂಡು, ಬರಿಗಾಲಿನಲ್ಲಿ ಹೊರಟನು. ಕಲ್ಲು ಚುಚ್ಚಿತು, ಆದರೆ ಹಿಮ್ಮಡಿಗೆ ಸುಖವಾಯಿತು. ಅವನು ಮುಟ್ಟುವ ಹೊತ್ತಿಗೆ ಗುರಿಯಲ್ಲಿದ್ದ ಗಾಳಿ ತುಂಬಿದ ಕಮಾನನ್ನು ಆಯೋಜಕರು ಬಿಚ್ಚುತ್ತಿದ್ದರು. “ಸ್ವಲ್ಪ ಬಗ್ಗಿ ಬರ್ರಿ ಸರ್, ಗಾಳಿ ಬಿಟ್ಟೀವಿ,” ಎಂದರು. ಜೋತುಬಿದ್ದ ಕಮಾನಿನಡಿ ಅವನು ಅಂಬೆಗಾಲಿಟ್ಟು ನುಸುಳಿ ಆಚೆ ಎದ್ದನು. ಕಣ್ಣು ತುಂಬಿ ಬಂದಿತ್ತು. ಬದುಕಿನಲ್ಲಿ ಅಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

ಮನೆಗೆ ಬಂದು ವೀರನು ಗಾಯಗೊಂಡ ಪಾದವನ್ನು ಸ್ಟೂಲಿನ ಮೇಲಿಟ್ಟು, ಸಮರಾಂಗಣದ ವೃತ್ತಾಂತವನ್ನು ಆದಿಯಿಂದ ವಿವರಿಸಿದನು. ಹಾಲಮ್ಮನವರು ಕನ್ನಡಕ ಏರಿಸಿ, ಪಾದವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹುಡುಕಿದರು.

“ಎಲ್ಲಲೇ ಗಾಯ?”

“ಹಿಮ್ಮಡಿ ಮೇಲೆ. ಎಡಕ್ಕೆ. ಇನ್ನೂ ಎಡಕ್ಕೆ.”

“ಇದಾ?”

ತೊಗರಿಬೇಳೆಯಷ್ಟಿತ್ತು. ಆಕೆ ಅದಕ್ಕೆ ಕೊಬ್ಬರಿ ಎಣ್ಣೆ ಸವರಿ, ಕೈ ಒರೆಸಿಕೊಂಡು, ಮಗನ ಮುಖ ನೋಡಿದರು.

“ಬರಿಗಾಲಾಗೇ ಓಡಿ ಬಂದ್ಯಲ್ಲ, ಚಲೋ ಆತು. ಮತ್ತೆ ನನ್ನ ಜೊತೆ ಅಷ್ಟೊಂದು ಜಗಳ ಯಾಕಲೇ ಆಡ್ದೆ?”

ಪೀಠೋಪವಿಷ್ಟಪರಾಕ್ರಮನೂ ಸ್ಟಾಫ್‌ರೂಮ್‌ಕೇಸರಿಯೂ ಆದ ಪಾಲಾಕ್ಷಪ್ಪನು ಪಾದವನ್ನು ಸ್ಟೂಲಿನಿಂದ ಮೆಲ್ಲಗೆ ಕೆಳಗಿಳಿಸಿದನು. ಆಮೇಲೆ, ಕಾಫಿ ಇದೆಯಾ ಎಂದು ಕೇಳಿದನು.