ಒಂದೇ ಸಲ ‘ಬ್ಯಾಡ’ ಎನ್ನುವವರು

ನನಗೊಂದು ಕಾಯಿಲೆ ಇದೆ. ನಾಲ್ಕು ಜನ ಕೂತಲ್ಲಿ ಮಾತು ನಿಂತರೆ ನಾನು ಏನಾದರೊಂದು ಕೇಳಿಯೇಬಿಡುತ್ತೇನೆ. ಮುಂಬೈಯ ಹೋಟೆಲಿನಲ್ಲಿ ಹದಿನೈದು ವರ್ಷ, ಆಮೇಲೆ ಕೋಟೇಶ್ವರದ ನನ್ನದೇ ಸಣ್ಣ ಹೋಟೆಲಿನಲ್ಲಿ, ‘ಇನ್ನೆಂತ ಬೇಕ್, ಇನ್ನೆಂತ ಬೇಕ್’ ಎಂದು ಬಾಯಿ ಸವೆಸಿದವನು ನಾನು. ಗಿರಾಕಿ ಕೈ ತೊಳೆದ ಮೇಲೂ ಏಳದೆ ಕೂತಿದ್ದರೆ ಅದು ನನ್ನ ಮಾತಿನ ಮಹಿಮೆ ಎಂದು ನಂಬಿದ್ದೇನೆ. ಅವನು ಬಸ್ಸಿಗೆ ಕಾಯುತ್ತಿರುತ್ತಾನೆ ಎಂಬುದು ಹೆಂಡತಿಯ ಅಭಿಪ್ರಾಯ.

ತಂಗಿ ಸುಮತಿ ನನಗೆ ತದ್ವಿರುದ್ಧ. ಅವಳಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳುವ ಹೊತ್ತಿಗೆ ಅವಳಿಗೆ ಇಪ್ಪತ್ತೆಂಟು. ಅಲ್ಲಿಯವರೆಗೆ, ‘ಅವ್ಳ್ ಹುಟ್ಟಿದಾಗಳಿಕೇ ಹಾಂಗೆ, ನಾವೇ ಹೊಂದ್ಕಂಡ್ ಹೋಯ್ಕ್’ ಎಂದು ನೆಂಟರಿಷ್ಟರಿಗೆ ಸಮಜಾಯಿಷಿ ಕೊಡುತ್ತಾ ಬಂದಿದ್ದೆ. ಮುಖ ನೋಡಿ ಮಾತಾಡು, ಬಂದವರನ್ನು ವಿಚಾರಿಸು ಎಂದು ಅವಳನ್ನು ತಿದ್ದುವುದೂ ನನ್ನದೇ ಉದ್ಯೋಗ. ಆಮೇಲೆ ಅವಳು ಹೋಗತೊಡಗಿದ ತರಬೇತಿ ಕೇಂದ್ರದಿಂದ ತಿಂಗಳಿಗೊಂದು ವರದಿ ಬರುತ್ತಿತ್ತು: ‘ಹೊಸಬರೊಂದಿಗೆ ಹನ್ನೊಂದು ನಿಮಿಷ ಮಾತಾಡಿದರು. ಪರವಾಗಿಲ್ಲ, ಪ್ರಗತಿ ಇದೆ.’ ನಾನು ಅದನ್ನು ಮನೆಮಂದಿಗೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. ಅವಳ ಎದುರೇ.

ಅಲ್ಲಿ ಅವಳಿಗೆ ಬೈಂದೂರಿನ ಜಯಂತಿ, ಬ್ರಹ್ಮಾವರದ ಪ್ರೇಮ ಎಂಬ ಇಬ್ಬರು ಗೆಳತಿಯರಾದರು. ಅವರಿಗೂ ಆಟಿಸಂ. “ಇವ್ರದ್ದೇ ಒಂದ್ ಸಂಸ್ಕೃತಿ ಇತ್ತ್ ಕಾಣಿ” ಎಂದರು ಪ್ರೇಮಳ ತಾಯಿ ಒಮ್ಮೆ. ನನಗೆ ನಗು ಬಂತು. ಸಂಸ್ಕೃತಿ ಎಂದ ಮೇಲೆ ಅದಕ್ಕೊಂದು ಸಂಘ, ಸಂಘಕ್ಕೊಬ್ಬ ಅಧ್ಯಕ್ಷ, ಕೊನೆಗೊಂದು ವಂದನಾರ್ಪಣೆ ಬೇಡವೇ? ಹೊಳೆ ದಾಟಿದರೆ ನಮ್ಮ ಮಾತೇ ಬೇರೆ, ಮೀನುಸಾರೇ ಬೇರೆ ಎಂದು ಮುಂಬೈಯಲ್ಲಿ ಎದೆ ತಟ್ಟಿಕೊಳ್ಳುತ್ತಿದ್ದವನೂ ನಾನೇ. ದಾದರಿನ ಜಂಗುಳಿಯಲ್ಲಿ ಯಾರೋ ನಮ್ಮೂರ ಕಡೆಯವರ ಹಾಗೆ ‘ಹ್ವಾಯ್’ ಎಂದು ಕರೆದರೆಂದು ಗುರುತಿಲ್ಲದವನ ಹಿಂದೆ ಓಡಿ ಲೋಕಲ್ ರೈಲು ತಪ್ಪಿಸಿಕೊಂಡದ್ದೂ ಉಂಟು. ಅಂಥ ಆಸೆ ತಂಗಿಗೂ ಇರಬಹುದೆಂದು ಮಾತ್ರ ಹೊಳೆಯಲಿಲ್ಲ.

ಹೆದ್ದಾರಿ ಅಗಲ ಮಾಡಲು ಊರನ್ನೆಲ್ಲ ಅಗೆದಿಟ್ಟಿದ್ದ ವರ್ಷ, ಒಂದು ಭಾನುವಾರ, ಇಬ್ಬರೂ ನಮ್ಮ ಮನೆಗೆ ಬಂದರು. ಸುಮತಿಯನ್ನೇ ನೋಡಬೇಕೆಂದು ಬಂದ ಮೊದಲ ನೆಂಟರು ಅವರು. ಇದೊಂದು ಕೆಟ್ಟರೆ ಅವಳಿಗಾಗಿ ಇನ್ಯಾರೂ ಈ ಮೆಟ್ಟಿಲು ಹತ್ತಲಿಕ್ಕಿಲ್ಲ ಎಂಬ ಹೆದರಿಕೆಗೆ ನನಗೆ ಬೆಳಗಿನ ತಿಂಡಿಯೂ ಸೇರಿರಲಿಲ್ಲ.

ಒಳಕೋಣೆಯಲ್ಲಿ ಮೂವರೂ ಕೂತರು. ಜಯಂತಿ ಪಂಚಾಂಗವನ್ನು ಮೊದಲ ಪುಟದಿಂದ ಓದತೊಡಗಿದಳು. ಪ್ರೇಮ ಚಾಪೆಯ ಮೇಲೆ ಮಲಗಿ ಫ್ಯಾನು ನೋಡಿದಳು. ಸುಮತಿ ಅಂಗಿಗುಂಡಿಗಳ ಡಬ್ಬಿ ಸುರುವಿಕೊಂಡಳು. ಮಾತಿಲ್ಲ! ನಾನು ತಡೆಯಲಾರದೆ ನೀರು ಬೆಲ್ಲ ಹಿಡಿದು ಹೋದೆ. ಆಮೇಲೆ ಸೆಕೆಯ ಸುದ್ದಿ ಹಿಡಿದು ಹೋದೆ. ಮೂರನೆಯ ಸಲ ಬನ್ಸ್ ಹಿಡಿದು ಹೋಗಿ, “ಇನ್ನೊಂದ್ ಹಾಕ್ಲಿಯಾ?” ಎಂದೆ. ಜಯಂತಿ “ಬ್ಯಾಡ” ಎಂದಳು. ನಮ್ಮಲ್ಲಿ ಮೂರು ಸಲ ಬ್ಯಾಡ ಎನ್ನದವರು ಮರ್ಯಾದಸ್ಥರೇ ಅಲ್ಲ, ಮೊದಲನೆಯದು ಲೆಕ್ಕಕ್ಕಿಲ್ಲ. ಹಾಕಿಯೇಬಿಟ್ಟೆ. ಅವಳು ಆ ಬನ್ಸನ್ನು ಎತ್ತಿ ನನ್ನ ಅಂಗೈ ಮೇಲಿಟ್ಟು, ಸುಮತಿಯನ್ನು ಕೇಳಿದಳು:

“ನಿನ್ನ ಅಣ್ಣಯ್ಯಂಗೆ ಎಂತ ಆಯ್ತ್? ಸುಮ್ನೆ ಕೂಕಂಬುಕೆ ಆತಿಲ್ಯಾ?”

ಸುಮತಿ ಗುಂಡಿಯಿಂದ ತಲೆ ಎತ್ತಲಿಲ್ಲ. “ಅವ್ನ್ ಹುಟ್ಟಿದಾಗಳಿಕೇ ಹಾಂಗೆ. ನಾವೇ ಹೊಂದ್ಕಂಡ್ ಹೋಯ್ಕ್.”

ಬನ್ಸ್ ಹಿಡಿದುಕೊಂಡು ಹೊರಗೆ ಬಂದೆ. ತಿನ್ನಲೂ ಆಗಲಿಲ್ಲ.

ನಾಲ್ಕು ಗಂಟೆಗೆ ಹೊರಡುತ್ತೇವೆ ಎಂದಿದ್ದರು; ನಾಲ್ಕಕ್ಕೆ ಎದ್ದು ಹೋದರು. ಗೇಟಿನ ಬಳಿ ಅರ್ಧ ಗಂಟೆ ನಿಂತು ಮತ್ತೆ ಮಾತಾಡುವ ನಮ್ಮ ಪದ್ಧತಿಯೂ ಇಲ್ಲ. ಎಲ್ಲ ಮುಗಿಯಿತು, ನಾನೇ ಕೆಡಿಸಿದೆ ಎಂದುಕೊಂಡೆ. “ಬೇಜಾರಾಯ್ತಾ ಹೆಣೆ?” ಎಂದು ಕೇಳಿದೆ.

“ಎಂತಕೆ? ಲಾಯ್ಕ್ ಆಯ್ತ್. ಬಪ್ಪು ತಿಂಗ್ಳ್ ಮತ್ತೆ ಬತ್ರ್. ನೀನ್ ಹೋಟ್ಲಲ್ಲಿ ಇದ್ರೆ ಮಾತ್ರ ಅಂಬ್ರ್.”

ಅವಳ ಮುಖದಲ್ಲಿದ್ದ ಕಳೆ ನನಗೆ ಗುರುತಿತ್ತು. ದಾದರಿನಲ್ಲಿ ಆ ‘ಹ್ವಾಯ್’ ಕೇಳಿದ ದಿನ ನನ್ನ ಮುಖವೂ ಹೀಗೇ ಇದ್ದಿರಬೇಕು.

ಮರುತಿಂಗಳು ಕಾಡಿ ಬೇಡಿ ಬಾಗಿಲ ಪಕ್ಕದಲ್ಲಿ ಒಂದು ಸ್ಟೂಲಿನಷ್ಟು ಜಾಗ ಸಂಪಾದಿಸಿದೆ. ಮಾತಾಡಬಾರದು, ಏನನ್ನೂ ಬಡಿಸಬಾರದು ಎಂಬುದು ಕರಾರು. ನಾಲಿಗೆ ಕಚ್ಚಿಕೊಂಡು, ಬೆವತು, ಕೊನೆಗೆ “ಸೆಕೆ ಅಲ್ದಾ?” ಎಂದುಬಿಟ್ಟೆ. ಸುಮತಿ ಗಡಿಯಾರ ನೋಡಿದಳು.

“ಹನ್ನೊಂದ್ ನಿಮ್ಷ” ಎಂದು ಗೆಳತಿಯರಿಗೆ ಗಟ್ಟಿಯಾಗಿ, ನನ್ನ ಎದುರೇ ಹೇಳಿದಳು. “ಅಡ್ಡಿಲ್ಲ, ಪ್ರಗತಿ ಇತ್ತ್.”