ನಮ್ಮ ದೋಣಿಯ ಜಾಗದಲ್ಲಿ ಗೂಡು ಕಟ್ಟಿದ ಹಂಸ ದಂಪತಿಗೆ

ಮಾನ್ಯ ಹಂಸ ದಂಪತಿಗಳೇ,

ಸರಸ್ವತಿಗೆ ವಾಹನವಾಗಿಯೂ ನಳ-ದಮಯಂತಿಯರ ನಡುವೆ ಟಪಾಲು ಇಲಾಖೆಯಾಗಿಯೂ ದೀರ್ಘ ಸೇವೆ ಸಲ್ಲಿಸಿ, ಹಾಲನ್ನು ನೀರಿನಿಂದ ಬೇರ್ಪಡಿಸಬಲ್ಲಿರೆಂದು ನಮ್ಮ ಪಠ್ಯಪುಸ್ತಕಗಳಿಂದ ಹೊಗಳಿಸಿಕೊಂಡಿರುವ ತಮ್ಮ ಪಾದಗಳಿಗೆ (ಅವು ಕಪ್ಪಗಿವೆಯೆಂಬುದನ್ನು ಹತ್ತಿರದಿಂದ ಕಂಡಿದ್ದೇನೆ), ನಾರ್‌ಶೋಪಿಂಗ್‌ನ ಸರಕು ಸಾಗಣೆ ಕಂಪನಿಯೊಂದರಲ್ಲಿ ಊರೂರಿನ ಲಾರಿಗಳಿಗೆ ನಿಲ್ಲಲು ಜಾಗ ಗೊತ್ತುಮಾಡಿಕೊಡುವುದನ್ನೇ ವೃತ್ತಿಯಾಗಿಸಿಕೊಂಡೂ ಸ್ವಂತ ದೋಣಿಗೊಂದು ಜಾಗ ಕಾಣದ ಗಂಗಾಧರನ ನಮಸ್ಕಾರಗಳು. ತಮ್ಮ ಕೀರ್ತಿಗೆ ಸಣ್ಣದೊಂದು ಸೇರ್ಪಡೆ ಆಗಬೇಕಿದೆ. ಹಾಲಿನ ಮಾತು ಹಾಗಿರಲಿ, ತಾವು ನಮ್ಮ ದೋಣಿಯನ್ನೇ ನೀರಿನಿಂದ ಬೇರ್ಪಡಿಸಿದ್ದೀರಿ.

ಸ್ವೀಡನ್ನಿನಲ್ಲಿ ಹಳೆಯ ಹಾಯಿದೋಣಿ ಕೊಳ್ಳುವುದಕ್ಕೆ ಒಂದು ಮಧ್ಯಾಹ್ನ ಸಾಕು, ಕಟ್ಟಲು ಜಾಗ ಸಿಗುವುದಕ್ಕೆ ಮಾತ್ರ ಆಯುಸ್ಸು ಗಟ್ಟಿಯಿರಬೇಕೆಂಬುದು ತಮಗೆ ತಿಳಿಯದ ವಿಷಯ, ಏಕೆಂದರೆ ತಾವು ಎಲ್ಲೂ ಅರ್ಜಿ ಹಾಕಿದವರಲ್ಲ. ನಮ್ಮ ಮಗಳು ನೈನಾ ಡಾಗಿಸ್ ಎಂಬ ಶಿಶುವಿಹಾರದಲ್ಲಿ ಊಟವಾದ ಮೇಲೆ ನಿದ್ದೆ ಮಾಡುತ್ತಿದ್ದ ಕಾಲದಲ್ಲಿ ದೋಣಿ ಸಂಘದ ಸರದಿಯಲ್ಲಿ ಹೆಸರು ಬರೆಸಿದವನು ನಾನು. ಈಗ ಅವಳು ನನ್ನ ಸ್ವೀಡಿಷ್ ತಿದ್ದುವಷ್ಟು ಬೆಳೆದಿದ್ದಾಳೆ. ಈ ವಸಂತದಲ್ಲಿ ಕೊನೆಗೂ ಜಾಗ ಬಂತು, ಒಂದು ಷರತ್ತಿನೊಡನೆ: ಮಿಡ್‌ಸಮ್ಮರ್ ಹಬ್ಬದ ಹೊತ್ತಿಗೆ ದೋಣಿ ಅಲ್ಲಿ ನಿಂತಿರಬೇಕು, ಇಲ್ಲವಾದರೆ ಜಾಗ ಸರದಿಯ ಮುಂದಿನವರಿಗೆ.

ಹಗ್ಗ, ಬಣ್ಣ ಎಲ್ಲ ಹೊತ್ತು ಜೆಟ್ಟಿಗೆ ಬಂದ ಮೊದಲ ದಿನವೇ ಶ್ರೀಯುತರಾದ ತಾವು ನಮ್ಮ ಜಾಗದಲ್ಲಿ ತೇಲುತ್ತಿದ್ದಿರಿ. ನಾನು ಹುಶ್ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ವೈದೇಹಿ ತೋಳು ಹಿಡಿದೆಳೆದಳು. ಮರುವಾರ ಅವಳು ಯೂನಿವರ್ಸಿಟಿಯಲ್ಲಿ ತನ್ನ ಪಿಎಚ್‌ಡಿ ಪ್ರಬಂಧವನ್ನು ಸಮರ್ಥಿಸಿಕೊಳ್ಳಬೇಕಿತ್ತು. "ರೀ, ಸರಸ್ವತಿ ವಾಹನ ತಾನಾಗೇ ಬಂದಿದೆ. ಓಡಿಸ್ತಾರಾ ಯಾರಾದ್ರೂ? ಬರಿಗೈಲಿ ಕಳಿಸ್ಬಾರ್ದು" ಎಂದು ನಮ್ಮ ತಿಂಡಿಗೆ ತಂದಿದ್ದ ಮಂಡಕ್ಕಿಯನ್ನು ಸಮರ್ಪಿಸಿ, ಕಣ್ಣುಮುಚ್ಚಿ ಕೈಮುಗಿದಳು. ತಾವು ಬರಿಗೈಲಿ ಹೋಗಲಿಲ್ಲ, ಹೋಗಲೇ ಇಲ್ಲ. ಮರುದಿನ ಶ್ರೀಮತಿಯವರನ್ನೂ ಕರೆತಂದಿರಿ, ಅದರ ಮರುದಿನ ಜೊಂಡು, ಕಡ್ಡಿ, ಯಾರದೋ ಒಂದು ಕೈಗವಸು. ಅವಳಿಗೆ ಡಾಕ್ಟರೇಟ್ ಬಂತು, ತಮಗೆ ಸೈಟು ಬಂತು.

ಸಂಘದ ಕಾರ್ಯದರ್ಶಿ ಬಿರ್ಗಿಟ್ಟಾ ಎಂಬ ಹಿರಿಯರು ಬಂದು, ಗೂಡಿನ ಸುತ್ತ ಹಳದಿ ಪಟ್ಟಿ ಕಟ್ಟಿ, ಮೊಟ್ಟೆಯೊಡೆದು ಮರಿಗಳು ನೀರಿಗಿಳಿಯುವ ತನಕ ತಮ್ಮನ್ನು ಮುಟ್ಟುವಂತಿಲ್ಲ, ಕದಲಿಸುವಂತಿಲ್ಲ ಎಂದು ತೀರ್ಪಿತ್ತರು. ಹಾಗಾದರೆ ಮಿಡ್‌ಸಮ್ಮರ್ ಷರತ್ತು? ಅದು ನಿಯಮ, ಎಲ್ಲರಿಗೂ ಒಂದೇ, ಎಂದು ಅಷ್ಟೇ ಮೃದುವಾಗಿ ನಕ್ಕರು. ಅಂದಿನಿಂದ ಸಂಘದವರೆಲ್ಲ ಫ್ಲಾಸ್ಕ್ ಹಿಡಿದು ತಮ್ಮೆದುರೇ ಫಿಕಾ ಎಂಬ ಕಾಫಿಕೂಟಕ್ಕೆ ಕೂರುತ್ತಾರೆ. ಇಷ್ಟು ವರ್ಷ ನನ್ನೊಡನೆ ಹವಾಮಾನವನ್ನೂ ಮಾತಾಡದಿದ್ದವರು, ಈಗ ನನ್ನ ಕಂಡೊಡನೆ ಎದ್ದು ಬಂದು ಶ್ರೀಮತಿಯವರ ಆರೋಗ್ಯ ವಿಚಾರಿಸುತ್ತಾರೆ. ನನ್ನ ಶ್ರೀಮತಿಯದಲ್ಲ, ತಮ್ಮದು.

ದೋಣಿಯನ್ನು ಬೇರೆಡೆ ಕಟ್ಟಬಾರದಿತ್ತೇ ಎಂದು ತಾವು ಕೊಕ್ಕೆತ್ತಿ ಕೇಳಬಹುದು. ಒಮ್ಮೆ ಕೆರಿಬಿಯನ್ ದ್ವೀಪವೊಂದರಲ್ಲಿ ಬಾಡಿಗೆ ದೋಣಿ ಓಡಿಸಿ ಬಂದು, ಅಂದಿನಿಂದ ಊಟದ ಹೊತ್ತಿನಲ್ಲೂ ಬಿಸಿಲು ಕನ್ನಡಕ ತೆಗೆಯದ ಗೆಳೆಯ ಅಭಿಜಿತ್, "ತುಂಬಾ ಸಿಂಪಲ್ ಸಾರ್. ಮರಳು ಕಾಣ್ಸೋ ಕಡೆ ಲಂಗರು ಬಿಡಿ, ಎಳನೀರು ಕುಡೀರಿ, ಅಷ್ಟೇ" ಎಂದಿದ್ದ. ಇಲ್ಲಿ ಮರಳಿಲ್ಲ, ಬಂಡೆಯಿದೆ. ಎಳನೀರಿಲ್ಲ, ಬರೀ ನೀರಿದೆ. ದ್ವೀಪವೊಂದರ ಅತಿಥಿ ಬಂದರಿನಲ್ಲಿ ಜಾಗ ಖಾಲಿಯೆನ್ನುವ ಹಸಿರು ಫಲಕ ಕಂಡು ಸಂಭ್ರಮದಿಂದ ಕಟ್ಟಿ ಚಿತ್ರಾನ್ನದ ಡಬ್ಬಿ ತೆರೆದೆವು. ಆ ಜಾಗದ ಯಜಮಾನರು ದೋಣಿ ಸಮೇತ ಮರಳಿ ಬಂದು, ಫಲಕವನ್ನು ಕೆಂಪಿಗೆ ತಿರುಗಿಸಿ, ನಾವು ಡಬ್ಬಿ ಮುಚ್ಚುವವರೆಗೂ ಸೌಜನ್ಯದಿಂದ ಕಾದರು. ನಿರ್ಜನವೆಂದುಕೊಂಡ ಕೊಲ್ಲಿಯಲ್ಲಿ ಲಂಗರು ಬಿಟ್ಟೆವು. ಎದುರಿನ ಸೌನಾ ಹಬೆಮನೆಯಿಂದ ಟವೆಲ್ಲೊಂದನ್ನೇ ಧರಿಸಿದ ವೃದ್ಧರು ಹೊರಬಂದು "ಹೇಯ್" ಎಂದು ವಂದಿಸಿ, ನಾವು ಲಂಗರೆತ್ತುವ ತನಕ ಆ ಟವೆಲ್ಲಿನ ಮೇಲೆ ಪೂರ್ಣ ಭರವಸೆಯಿಟ್ಟು ನಿಂತೇ ಇದ್ದರು. ಕೊನೆಗೆ ಇಲ್ಲಿಯವರಂತೆ ಹಿಂಬದಿಗೆ ಲಂಗರು ಹಾಕಿ, ದೋಣಿಯ ಮೂತಿಯನ್ನು ಬಂಡೆಗೆ ಕಟ್ಟೋಣವೆಂದು ನಾನು ಹಗ್ಗ ಹಿಡಿದು ಬಂಡೆಗೆ ಹಾರಿದೆ. ಹಗ್ಗದ ಇನ್ನೊಂದು ತುದಿ ದೋಣಿಗೆ ಕಟ್ಟಿರಲಿಲ್ಲ. "ಪಪ್ಪಾ, ಹೇಯ್ ಡೋ" ಎಂದು ನೈನಾ ಸ್ವೀಡಿಷಿನಲ್ಲಿ ಬೀಳ್ಕೊಟ್ಟಳು. ದೋಣಿ ಮತ್ತೆ ಟ್ರೇಲರ್ ಏರಿ ದಡಕ್ಕೆ ಬಂತು.

ಇಷ್ಟರ ನಡುವೆ ಸರದಿಯಲ್ಲಿ ನಮ್ಮ ನಂತರದವನು ಯಾರು ಗೊತ್ತೇ? ಸ್ಯಾಂಡ್‌ವಿಕೆನ್‌ನಿಂದ ಈ ಊರಿಗೆ ಬಂದ ಅವಿನಾಶ್, ಹೆಸರು ಬರೆಸೆಂದು ನಾನೇ ಕೈಹಿಡಿದು ಕರೆದೊಯ್ದಿದ್ದವನು. ಅವನದು ಸಣ್ಣ ಮೋಟಾರು ದೋಣಿ, ತಮ್ಮ ಗೂಡು ಬಿಟ್ಟು ಉಳಿದ ಅರ್ಧ ಜಾಗದಲ್ಲಿ ಸಲೀಸಾಗಿ ಕೂರುವಂಥದು. ದಿನವೂ ಫೋನು: "ಸಾರ್, ಹಂಸ ಹೇಗಿದೆ? ಮೊಟ್ಟೆ ಇನ್ನೂ ಒಡೆದಿಲ್ವಾ? ಪಾಪ, ಅವಸರ ಮಾಡ್ಬೇಡಿ ಸಾರ್. ನಿಧಾನಕ್ಕೆ ಆಗ್ಲಿ. ಹಬ್ಬ ಕಳೀಲಿ."

ತಮ್ಮ ಸಂಯಮವನ್ನು ಎಷ್ಟು ಹೊಗಳಿದರೂ ಕಡಿಮೆ. ರಾಜಹಂಸವೆಂದರೆ ನನಗೆ ನೆನಪಾಗುವುದು ಊರಿನ ಬಸ್ಸು, ಅದು ಕೂಡ ಹೊತ್ತಾದರೆ ನಿಲ್ದಾಣ ಬಿಟ್ಟು ಹೊರಡುತ್ತಿತ್ತು. ತಾವು ಪರಮಹಂಸರು, ಕೂತಲ್ಲೇ ಸಮಾಧಿ. ಹಬ್ಬದ ಮುನ್ನಾದಿನದವರೆಗೂ ಕದಲಲಿಲ್ಲ. ಬಿರ್ಗಿಟ್ಟಾ ವಿಷಾದದಿಂದ ಕೈಕುಲುಕಿ ಜಾಗವನ್ನು ಅವಿನಾಶನಿಗೆ ಕೊಟ್ಟರು. ಅವರ ಹಬ್ಬಕ್ಕೂ ನಮ್ಮ ಪೂಜೆಗೂ ಸಲ್ಲುವಂತೆ ಜಾತ್ಯತೀತವಾಗಿ ಹೂಮಾಲೆ ತೊಡಿಸಿದ ದೋಣಿಯಲ್ಲಿ ಅವನು ನಗುತ್ತ, ನಮಗೆ ಕೈಬೀಸುತ್ತ ಒಳಬಂದ. ವೈದೇಹಿ ಮುಖ ತಿರುಗಿಸಿದಳು. ಆಗ ಶ್ರೀಯುತರಾದ ತಾವು ರೆಕ್ಕೆಯಗಲಿಸಿ, ಹಳದಿ ಪಟ್ಟಿಯ ನಿಯಮವನ್ನು ತಮ್ಮ ಕಡೆಯಿಂದ ಉಲ್ಲಂಘಿಸಿ, ನೇರ ಅವನ ದೋಣಿಯನ್ನೇ ಹತ್ತಿದಿರಿ. ಹೂಮಾಲೆ ತಮ್ಮ ಕೊರಳಿಗೆ ಬಂತು, ಅವಿನಾಶ್ ಸೀಟಿನ ಕೆಳಗೆ ಸೇರಿದ. ಅಲ್ಲಿಂದಲೇ ರಿವರ್ಸ್ ಹಾಕಿಕೊಂಡು ಹೋಗುತ್ತ, "ಸಾರ್, ಬೇಡ ಸಾರ್, ಈ ಜಾಗ ನಿಮಗೇ ಇರ್ಲಿ" ಎಂದು ಸಂಘದ ಸಮಸ್ತರ ಸಮಕ್ಷಮ ಕೂಗಿದ. ಮುಂದಿನವರು ಬೇಡವೆಂದದ್ದರಿಂದ ಜಾಗ ಹಿಂದಿನವರಿಗೇ ಉಳಿಯುತ್ತದೆಂದು ಬಿರ್ಗಿಟ್ಟಾ ಅಲ್ಲೇ ಘೋಷಿಸಿದರು.

ಹೀಗಾಗಿ ದೂರು ಬರೆಯಲು ಕೂತವನು ಕೃತಜ್ಞತೆ ಸಲ್ಲಿಸಬೇಕಾಗಿ ಬಂದಿರುವುದೇ ನನ್ನ ಅತಿ ದೊಡ್ಡ ದೂರು. ಮೊಟ್ಟೆಯೊಡೆದ ಮೇಲೆ ಮರಿಗಳಿಗೆ ಬೇಗ ಈಜು ಕಲಿಸಿ, ಬಾಣಂತನ ಮುಗಿದೊಡನೆ ನಮ್ಮ ಜಾಗ ನಮಗೆ ಬಿಡಬೇಕಾಗಿಯೂ, ನಾವು ಒಳಬರುವ ದಿನ ನಮ್ಮನ್ನು ಅವಿನಾಶನ ಕಡೆಯವರೆಂದು ಭಾವಿಸಬಾರದಾಗಿಯೂ ಪ್ರಾರ್ಥಿಸುವ,

ದಡದ ಮೇಲಿನಿಂದಲೇ,
ತಮ್ಮ ವಿಶ್ವಾಸಿ,
ಗಂಗಾಧರ

ತಾ.ಕ.: ದೋಣಿಗೆ ತಮ್ಮ ಹೆಸರನ್ನೇ ಇಡಬೇಕೆಂದು ವೈದೇಹಿಯ ಹಟ. ಬಣ್ಣ ಬಳಿಯುವವನ ಬಳಿಗೆ ನಾನೊಬ್ಬನೇ ಹೋಗಿ, ದೊಡ್ಡ ಅಕ್ಷರದಲ್ಲಿ 'ಬಾತುಕೋಳಿ' ಎಂದು ಬರೆಸಿ ಬಂದಿದ್ದೇನೆ.