ಅತ್ತೆಯ ಹಿಡಿ ಸಿಗಡಿ, ಅಮೆರಿಕದ ಸುಂಕ

ನಮ್ಮ ದೇಶದ ಸಿಗಡಿಯ ಮೇಲೆ ಅಮೆರಿಕ ಹೆಚ್ಚಿನ ಸುಂಕ ಹೇರಿದ್ದಕ್ಕೆ ನಮ್ಮ ಸೋದರತ್ತೆಯೇ ಕಾರಣ. ಇದು ನನ್ನ ಆರೋಪವಲ್ಲ, ಅವಳದೇ ತಪ್ಪೊಪ್ಪಿಗೆ!

ಅತ್ತೆ ಅಂಕೋಲೆಯ ಮೀನು ಮಾರ್ಕೆಟ್ಟಿನಲ್ಲಿ ಕೂಡ್ರುವವಳು. ಅವಳಿಗೆ ಕೊಸರಿನ ಚಟ. ಯಾರಿಗೆ ಏನು ತೂಗಿ ಕೊಟ್ಟರೂ ಮೇಲೊಂದು ಹಿಡಿ ಹಾಕದಿದ್ದರೆ ಕೈ ತುರಿಸುತ್ತದಂತೆ. ಡಾಕ್ಟರು ಎರಡು ಚಮಚ ಔಷಧಿ ಎಂದರೆ ಬಾಟಲಿಯನ್ನು ಇನ್ನೊಮ್ಮೆ ಬಗ್ಗಿಸುತ್ತಾಳೆ. ನಾನು ಕಾಲಿಗೆ ಬಿದ್ದರೆ "ನೂರು ವರ್ಷ ಬಾಳು" ಎಂದು, ಸ್ವಲ್ಪ ತಡೆದು, "ಮೇಲೆರಡು" ಅನ್ನುತ್ತಾಳೆ.

ಸಿಗಡಿ, ಅಂದರೆ ನಮ್ಮ ಶೆಟ್ಲಿ, ಸುಲಿದು ಹೊರದೇಶಕ್ಕೆ ಕಳಿಸುವ ಶೆಡ್ಡಿನ ಏಜೆಂಟನೂ ಅವಳ ಗಿರಾಕಿ. ಅವನಿಗೆ ಬುಟ್ಟಿಗೊಂದು ಹಿಡಿ ಕೊಸರು. ಇಸವಿ ಎರಡು ಸಾವಿರದ ನಾಲ್ಕಿರಬೇಕು. ಒಂದು ಭಾನುವಾರ ಕಾರವಾರದಿಂದ ಹೋದವನು ಅವಳಿಗೆ ಪೇಪರು ಓದಿ ಹೇಳಿದೆ: ನಮ್ಮವರು ಸಿಗಡಿಯನ್ನು ತೀರಾ ಅಗ್ಗಕ್ಕೆ ಕೊಡುತ್ತಾರೆ, ಅದರಿಂದ ತಮ್ಮ ಮೀನುಗಾರರ ಹೊಟ್ಟೆಯ ಮೇಲೆ ಹೊಡೆತ ಬಿದ್ದಿದೆ ಎಂದು ಅಮೆರಿಕದವರ ದೂರು.

ಅತ್ತೆಯ ಮುಖ ಬಿಳಿಚಿತು.

"ಅಯ್ಯೋ ತಮಾ, ನಾ ಹಾಕ್ದ ಹಿಡಿ ಶೆಟ್ಲಿ ಅಲ್ಲೀವರೆಗೆ ಹೋತಾ?"

ಜಾಗತಿಕ ವ್ಯಾಪಾರದ ಬಗ್ಗೆ ನನಗೆ ತಿಳಿದದ್ದನ್ನೆಲ್ಲ ವಿವರಿಸಿದೆ. ಎರಡು ನಿಮಿಷದಲ್ಲಿ ಮುಗಿಯಿತು. ಅವಳು ಒಪ್ಪಲಿಲ್ಲ.

"ಅಲ್ಲೂ ದೋಣಿಯವ್ರೇ ಅಲ್ಲನಾ? ಅವ್ರ ಹೆಂಡ್ರೂ ನನ್ ಹಾಂಗೇ ಕೂತಿರ್ತಾರೆ."

ಮರುದಿನದಿಂದ ಏಜೆಂಟನಿಗೆ ಕೊಸರು ಬಂದ್. ಅವನು ಚೀಲ ಅಗಲಿಸಿಕೊಂಡು ನಿಂತೇ ಇದ್ದನಂತೆ.

"ಅಕ್ಕಾ, ನನ್ ಮೇಲೆ ಸಿಟ್ಟನಾ?"

"ನಿನ್ ಮೇಲೆ ಎಂತಕ್ಕೆ ಸಿಟ್ಟು? ಅಮೆರಿಕದವ್ರು ಬೇಡ ಅಂದ್ರಂತೆ."

ಇಷ್ಟೊಂದು ತ್ಯಾಗ ಮಾಡಿದರೂ ಅಮೆರಿಕ ಮನಸ್ಸು ಬದಲಿಸಲಿಲ್ಲ ನೋಡಿ! ಸುಂಕ ಬಿತ್ತು, ಕೊಳ್ಳುವವರು ಕಡಿಮೆಯಾದರು, ಶೆಡ್ಡಿನ ಬಾಗಿಲು ಮುಚ್ಚಿತು. ಅಲ್ಲಿ ಸಿಗಡಿ ಸುಲಿಯುತ್ತಿದ್ದ ಹಟ್ಟಿಕೇರಿಯ ಹೆಂಗಸೊಬ್ಬಳು ಒಂದು ಬೆಳಿಗ್ಗೆ ಬಂಗಡೆ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಬಂದಳು. ಅಂದು ನಾನೂ ಅಲ್ಲಿದ್ದೆ. ಮಾರ್ಕೆಟ್ಟಿನಲ್ಲಿ ಗೇಣು ಜಾಗಕ್ಕೂ ಅಜ್ಜಿಯ ಕಾಲದ ಹಕ್ಕಿದೆ. ಯಾರೂ ಸರಿಯಲಿಲ್ಲ. ಅವಳು ಬುಟ್ಟಿ ಇಳಿಸಲು ಜಾಗವಿಲ್ಲದೆ ನಿಂತಿದ್ದಳು.

ಅತ್ತೆ ತನ್ನ ಮಣೆಯನ್ನು ಪಕ್ಕಕ್ಕೆಳೆದು ಅರ್ಧ ಜಾಗ ಬಿಟ್ಟಳು. ತಾಯಿಯಿಂದ ಬಂದ ಜಾಗವದು, ಸ್ವಂತ ಸೊಸೆಗೂ ಬಿಟ್ಟುಕೊಟ್ಟಿರಲಿಲ್ಲ. ಎದ್ದು ಹೋಗಿ ಆ ಹೆಂಗಸಿನ ಬುಟ್ಟಿಗೆ ತಾನೇ ಕೈ ಕೊಟ್ಟು ಇಳಿಸಿದಳು. ಇಷ್ಟು ದಿನ ಅವಳ ಮಾತಿಗೆ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

"ಅತ್ತೇ, ಶೆಡ್ ಮುಚ್ಚಿದ್ದು ನಿನ್ನಿಂದ ಅಲ್ಲ, ನಂಬು," ಎಂದೆ.

"ಅಲ್ದೇ ಇದ್ರೆ ಒಳ್ಳೇದೇ ಆತಲ್ಲ," ಎಂದಳು ಅತ್ತೆ. "ಆದ್ರೂ ಅವಳು ಎಲ್ಲಿ ಕೂಡ್ರೂದು?"